ಮೇಜಿನ ಮೇಲೆ ನಿನ್ನ ಊರು

ಮಾರ್ಚ್ ೧೪, ಮಂಗಳವಾರ
ಲ್ಯಾಬಿನಿಂದ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ತಮ್ಮ, ಕ್ಯಾಪ್ಟನ್ ಸಾಹೇಬರಿಗೆ,

ಅಕ್ಕನ ಮೇಲೆ ಸಿಟ್ಟು ಬಂದಿರುತ್ತದೆ, ಬರಲಿ. ನಿನ್ನ ಎರಡು ಪತ್ರಗಳಿಗೂ ನಾನು ಉತ್ತರ ಬರೆಯಲಿಲ್ಲ. ಕೈತುಂಬ ಕೆಲಸವಿತ್ತು ಎಂಬುದು ಅರ್ಧ ನಿಜ. ಇನ್ನರ್ಧ, ಬರೆಯಲು ಧೈರ್ಯ ಬರಲಿಲ್ಲ. ನಿನ್ನ ಹೆಂಡತಿಯ ಮೊಣಕಾಲು ಹೇಗಿದೆ? ಚಿಕ್ಕವಳಿಗೆ ಮುಂದಿನ ಹಲ್ಲು ಬಂತೇ? ನಾವಿಲ್ಲಿ ಹೇಗೋ ಇದ್ದೇವೆ. ನಿನ್ನ ಭಾವನಿಗೆ ಕೆಮ್ಮು ಬಿಟ್ಟಿಲ್ಲ, ಔಷಧಿ ಕುಡಿಯಿರಿ ಎಂದರೆ ನನ್ನ ಮೇಲೇ ರೇಗುತ್ತಾರೆ.

ಮಾತು ಶುರು ಮಾಡಿದರೆ ನಾನು ಊರೆಲ್ಲ ಸುತ್ತಿ ಬರುವವಳು. ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಭಾನುವಾರದೊಳಗೆ ನೀವು ಮೂವರೂ ಆ ಮನೆ ಬಿಡಿ. ಓಣಿ ಬಿಟ್ಟರೆ ಸಾಲದು, ಊರನ್ನೇ ಬಿಡಿ. ದೋಣಿ ಅರ್ಧ ರಿಪೇರಿಯಾಗಿದೆ, ಗಿರಾಕಿ ಕಾಯುತ್ತಿದ್ದಾನೆ ಎಂದೆಲ್ಲ ರಾಗ ಎಳೆಯಬೇಡ. ಬರುವ ಮಂಗಳವಾರ ಅಮಾವಾಸ್ಯೆ. ಅಂದು ಬೆಳಗಿನ ಜಾವ ನಿನ್ನ ಹಿತ್ತಲಿನ ಕೆಸರು ಬಯಲಿಗೆ ನೀರು ಏರುತ್ತದಲ್ಲ, ಆ ನೀರಿನ ಮೇಲೆ ಹೊಳೆಯ ಈಚೆಯಿಂದ ಜನ ಬರುತ್ತಾರೆ. ಇದು ನನಗೆ ಹೇಗೆ ಗೊತ್ತು ಎಂದರೆ, ಅವರಿಗೆ ಆ ದಾರಿ ತೋರಿಸಿದವಳು ನಾನೇ.

ಬೈಯಬೇಡ, ಪೂರ್ತಿ ಓದು.

ನನ್ನ ಹುಚ್ಚು ನಿನಗೆ ಗೊತ್ತಿದ್ದದ್ದೇ. ಹಗಲೆಲ್ಲ ಜನರ ಬಾಯಿಗೆ ಹಲ್ಲಿನ ಸೆಟ್ ಮಾಡುವುದು, ಸಂಜೆಯಾದರೆ ಅದೇ ಮೇಣ, ಅದೇ ಸೂಜಿ, ಅದೇ ದೀಪದ ಕೆಳಗೆ ಹಡಗು, ಫಿರಂಗಿ, ಸಿಪಾಯಿ. ಹಳೆಯ ಯುದ್ಧಗಳನ್ನು ಮೇಜಿನ ಮೇಲೆ ಹರಡಿ, ಟೇಪು ಹಿಡಿದು ಅಳೆದು, ದಾಳ ಉರುಳಿಸಿ ಮತ್ತೊಮ್ಮೆ ಆಡುವ ಹತ್ತು ಹನ್ನೆರಡು ಜನ ನಮ್ಮ ಕ್ಲಬ್ಬಿನಲ್ಲಿದ್ದೇವೆ. ನಾನು ಆಡುವುದು ಕಡಿಮೆ, ಅಂಪೈರ್ ಆಗುವುದೇ ಹೆಚ್ಚು. ಯಾವ ಪಡೆ ಎಷ್ಟು ದೂರ ನಡೆಯಬಹುದು, ಗುಡ್ಡದಾಚೆ ಇರುವುದು ಯಾರ ಕಣ್ಣಿಗೆ ಬೀಳುತ್ತದೆ ಎಂದು ಆಟಗಾರರು ಕೇಳುತ್ತಾರೆ, ಅಂಪೈರ್ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮುಚ್ಚಿಟ್ಟರೆ ಆಟವೇ ಸುಳ್ಳು.

ನವೆಂಬರಿನ ಪ್ರದರ್ಶನಕ್ಕೆ ಒಬ್ಬರು ಬಂದಿದ್ದರು. ಸಣ್ಣ ಆಳು, ದಪ್ಪ ಕನ್ನಡಕ, ನೀಟಾಗಿ ಇಸ್ತ್ರಿ ಮಾಡಿದ ಅಂಗಿ. ಸೈನ್ಯದ ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತೇನೆ ಎಂದರು, ಅಂದಿನಿಂದ ನಾವು ಅವರನ್ನು ಮೇಷ್ಟ್ರು ಎಂದೇ ಕರೆದೆವು. ಬೇರೆಯವರು ಮೇಜಿನ ಮುಂದೆ ನಿಂತು "ಅಬ್ಬಾ, ಎಷ್ಟು ಚಿಕ್ಕದು!" ಎಂದು ಮುಂದೆ ಹೋಗುತ್ತಾರೆ. ಇವರು ಜೇಬಿನಿಂದ ಭೂತಗನ್ನಡಿ ತೆಗೆದು ಒಂದೊಂದೇ ಸಿಪಾಯಿಯನ್ನು ನೋಡಿದರು. ಅಕ್ಕಿಕಾಳಿನಷ್ಟೆತ್ತರದ ಸಿಪಾಯಿ, ತಿಳಿಯಿತಲ್ಲ.

"ಇವರ ಕೋಟು ಯಾಕೆ ಇಟ್ಟಿಗೆ ಬಣ್ಣ? ಈ ಪಡೆಯದು ಕೆಂಪಲ್ವಾ?" ಎಂದು ಕೇಳಿದರು.

"ಕೆಂಪೇ ಸ್ವಾಮಿ. ಆದ್ರೆ ಎರಡು ತಿಂಗಳು ಹಡಗಿನ ಮೇಲೆ ಬಿಸಿಲು, ಉಪ್ಪುಗಾಳಿ ಎಲ್ಲಾ ಆದ್ಮೇಲೆ ಕೆಂಪು ಎಲ್ಲಿ ಉಳಿಯುತ್ತೆ?" ಎಂದೆ.

ಅವರು ನಗಲಿಲ್ಲ, ಪುಸ್ತಕ ತೆಗೆದು ಬರೆದುಕೊಂಡರು. ಮೂವತ್ತು ವರ್ಷದಲ್ಲಿ ನನ್ನ ಕೆಲಸವನ್ನು ಯಾರೂ ಹಾಗೆ ನೋಡಿರಲಿಲ್ಲ ಕಣೋ. ಮನೆಗೆ ಬಂದು ನಿನ್ನ ಭಾವನ ತಲೆ ತಿಂದುಬಿಟ್ಟೆ.

ವಾರದೊಳಗೆ ಮೇಷ್ಟ್ರು ಲ್ಯಾಬಿಗೆ ಬಂದರು. ನಿನ್ನ ಊರಿನ ಬಂದರಿಗೆ ಇನ್ನೂರು ವರ್ಷದ ಹಿಂದೆ ಬಿದ್ದ ಮುತ್ತಿಗೆ ಬೇಕಂತೆ, ವಿದ್ಯಾರ್ಥಿಗಳಿಗೆ ಪಾಠಕ್ಕೆ. ಹನ್ನೆರಡು ಯುದ್ಧನೌಕೆ, ನಲವತ್ತು ಚಪ್ಪಟೆ ದೋಣಿ, ಎರಡೂ ಕಡೆಯ ಸೈನ್ಯ, ಕೋಟೆ, ಬಂದರು, ಓಣಿಗಳು. ಆ ಕಥೆ ನಿನಗೆ ಬಾಯಿಪಾಠ: ಹಡಗುಗಳು ಹನ್ನೊಂದು ದಿನ ಬಂದರಿನ ಬಾಯಲ್ಲಿ ನಿಂತು, ಕೋಟೆಯ ಫಿರಂಗಿಗೆ ಹೆದರಿ, ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದವು. "ಬೇರೆ ದಾರಿ ಇತ್ತಾ ಅನ್ನೋದೇ ಪಾಠ" ಎಂದರು ಮೇಷ್ಟ್ರು. ನಾನು ಕುಣಿದುಬಿಟ್ಟೆ. ನಿನ್ನ ಊರಲ್ಲವೇ, ನನ್ನಷ್ಟು ಸರಿಯಾಗಿ ಇನ್ಯಾರು ಮಾಡಿಯಾರು ಎಂಬ ಜಂಬ.

ಡಿಸೆಂಬರ್ ಮುಗಿಯುವ ತನಕ ಬಿಡದೆ ದುಡಿದೆ. ಹಡಗಿನ ಹಗ್ಗಕ್ಕೆ ಹಳೆಯ ಕಾಲುಚೀಲದ ನೂಲು ಬಿಚ್ಚಿ, ಮೇಣ ಹಚ್ಚಿ, ಚಿಮುಟದಲ್ಲಿ ಕಟ್ಟಿದೆ. ಒಡಲಿಗೆ ಮೊದಲು ಕಪ್ಪು, ಅದರ ಮೇಲೆ ಕಂದು, ಆಮೇಲೆ ಒಣ ಕುಂಚದಲ್ಲಿ ಉಪ್ಪಿನ ಬಿಳಿ. ಕೋಟೆಯ ಗೋಡೆಯನ್ನು ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರಿನಲ್ಲಿ ಎರಕ ಹೊಯ್ದೆ. ನಿನ್ನ ಭಾವ ಬಂದು, "ಗಿರಾಕಿಗೆ ಕೋಟೆ ಕೊಟ್ಟು, ಮೇಜಿನ ಮೇಲೆ ದವಡೆ ಇಟ್ಟೀಯ, ಹುಷಾರು" ಎಂದು ರೇಗಿಸಿದರು. ಆಗ ನಿನಗೆ ಪತ್ರದ ಮೇಲೆ ಪತ್ರ ಬರೆದು ಕೇಳಿದ್ದು ನೆನಪಿದೆಯಲ್ಲ? ನಿಮ್ಮ ಹಗ್ಗದವರ ಓಣಿಯ ಹೆಂಚಿನ ಬಣ್ಣ ಯಾವುದು, ಹಿಂದಿನ ಗೋಡೆ ಎಷ್ಟೆತ್ತರ ಎಂದೆಲ್ಲ. ನೀನೂ ಪಾಪ, ಸಣ್ಣವನಿದ್ದಾಗ ನನ್ನ ಜೊತೆ ಬೆಂಕಿಕಡ್ಡಿಯ ಹಡಗು ಕಟ್ಟಿ ಅದಕ್ಕೆ ಕ್ಯಾಪ್ಟನ್ ಆದ ಖುಷಿಯಲ್ಲೇ ಎಲ್ಲ ಬರೆದು, ಚಿತ್ರ ಸಮೇತ ಕಳಿಸಿದೆ.

ಜನವರಿಯಿಂದ ಪ್ರತಿ ಶನಿವಾರ ಮಧ್ಯಾಹ್ನ ಆಟ. ಹಳೆಯ ಪ್ರೆಸ್ಸಿನ ಹಿಂದಿರುವ ಗೋದಾಮಿನಲ್ಲಿ ಮೇಜು ಹಾಕಿದ್ದರು. ಮೇಷ್ಟ್ರ ಜೊತೆ ಇಬ್ಬರು ಬರುತ್ತಿದ್ದರು, ಗಟ್ಟಿಮುಟ್ಟಾದವರು, ವಿದ್ಯಾರ್ಥಿಗಳ ವಯಸ್ಸು ದಾಟಿ ಹತ್ತು ವರ್ಷವಾದರೂ ಆಗಿರಬೇಕು. ಹಡಗಿನವರು ಪ್ರತಿ ಸಲವೂ ಸೋತರು. ಬಂದರಿನ ಬಾಯಿಗೆ ಬಂದರೆ ಕೋಟೆಯ ಫಿರಂಗಿ ಪುಡಿಪುಡಿ ಮಾಡುತ್ತಿತ್ತು. ಆರನೇ ವಾರವೂ ಸೋತಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಹಾಗಾದ್ರೆ ದಾರಿ ಇಲ್ಲ ಅಂತಾಯ್ತು" ಎಂದರು.

ಅಲ್ಲಿ ನನ್ನ ಬಾಯಿ ಸುಮ್ಮನಿರಬೇಕಿತ್ತು. ಆದರೆ ಅವರ ನಕ್ಷೆ ತಪ್ಪಿತ್ತು ಕಣೋ, ತಪ್ಪು ನಕ್ಷೆಯ ಮೇಲೆ ಆಡಿದರೆ ನನಗೆ ಮೈಯೆಲ್ಲ ತುರಿಕೆ. "ಇದೆ ಮೇಷ್ಟ್ರೇ" ಎಂದೆ. "ನೀವು ಒಣ ಕೆಸರು ಅಂತ ಬರೆದಿದ್ದೀರಲ್ಲ, ಅಲ್ಲಿ ಅಮಾವಾಸ್ಯೆ ಉಬ್ಬರಕ್ಕೆ ಸೊಂಟದಷ್ಟು ನೀರು ಬರುತ್ತೆ. ಎರಡು ಗಂಟೆ ನಿಲ್ಲುತ್ತೆ. ಚಪ್ಪಟೆ ದೋಣಿ ಆರಾಮಾಗಿ ಹೋಗುತ್ತೆ, ನನ್ನ ತಮ್ಮನೇ ಹೋಗ್ತಾನೆ." ಅಷ್ಟಕ್ಕೇ ನಿಲ್ಲಲಿಲ್ಲ. ಚೀಲದಿಂದ ನೀನು ಬರೆದು ಕಳಿಸಿದ ಚಿತ್ರ ತೆಗೆದು ಮೇಜಿನ ಮೇಲೆ ಹರಡಿದೆ. ಎಲ್ಲಿ ಎಷ್ಟು ಆಳ, ಎಲ್ಲಿ ಗೋಡೆಯಿಲ್ಲದೆ ಬರೀ ಬಲೆಗಳ ರಾಶಿ ಇದೆ, ಎಲ್ಲವೂ ನಿನ್ನ ಚೊಕ್ಕ ಅಕ್ಷರದಲ್ಲಿತ್ತು.

ಅಂದು ಹಡಗಿನವರು ನಾಲ್ಕೇ ಸರದಿಯಲ್ಲಿ ಊರು ಹಿಡಿದರು.

ನಮ್ಮ ಕ್ಲಬ್ಬಿನಲ್ಲಿ ಒಂದು ಹಳ್ಳ ದಾಟಿದರೂ ಕೇಕೆ ಹಾಕುತ್ತಾರೆ. ಆರು ವಾರ ಸೋತವರು ಗೆದ್ದರೆ ಮೇಜು ಬಡಿದು ಕುಣಿಯಬೇಕು ತಾನೇ? ಆ ಮೂವರಲ್ಲಿ ಒಬ್ಬನೂ ತುಟಿಪಿಟಕ್ ಎನ್ನಲಿಲ್ಲ. ಒಬ್ಬ ಗಡಿಯಾರ ನೋಡಿಕೊಂಡ, ಇನ್ನೊಬ್ಬ ನಿನ್ನ ಚಿತ್ರದ ಫೋಟೊ ತೆಗೆದ. ಆಗಲೇ ಚಿತ್ರ ಮಡಚಿಕೊಂಡು ಎದ್ದು ಬರಬೇಕಿತ್ತು. ಆದರೆ ಮೇಷ್ಟ್ರು "ಬಹಳ ಉಪಕಾರ ಆಯ್ತು ಅಮ್ಮಾ" ಎಂದದ್ದಕ್ಕೆ ಉಬ್ಬಿಹೋದೆ.

ಆಮೇಲೆ ಒಂದೊಂದಾಗಿ ಬದಲಾವಣೆ ಶುರುವಾಯಿತು. ಮೊದಲು ಓಣಿಯ ತುದಿಗೆ ಊರಿನ ನೀರಿನ ಟ್ಯಾಂಕ್ ಇಡಿ ಎಂದರು. ಮುಂದಿನ ವಾರ ಟೆಲಿಫೋನ್ ಆಫೀಸು, ಅದರ ಮುಂದಿನ ವಾರ ಶಾಲೆ. ದೋಣಿಗಳ ಹುಟ್ಟು ಕಿತ್ತುಹಾಕಿ, ಪಟ ಬೇಡ, ಪೂರ್ತಿ ಬೂದು ಬಳಿಯಿರಿ ಎಂದರು. ಸಿಪಾಯಿಗಳಿಗೂ ಬೂದು. ನನ್ನ ಹತ್ತಿರ ಮೂವತ್ತೆಂಟು ಬಣ್ಣದ ಶೀಶೆಗಳಿವೆ, ಅಲ್ಲಿಂದಾಚೆ ಖಾಲಿಯಾದದ್ದು ಒಂದೇ ಶೀಶೆ. ಅಷ್ಟರಲ್ಲಿ ಪೇಪರಿನಲ್ಲಿ ನಿಮ್ಮ ಕಡೆ, ನಮ್ಮ ಕಡೆ ಎಂಬ ಗಲಾಟೆ, ಮಾತುಕತೆ ಮುರಿದುಬಿತ್ತು ಎಂಬ ಸುದ್ದಿ. ಸೇತುವೆ ಮುಚ್ಚಿದರು, ಫೋನು ಸತ್ತುಹೋಯಿತು. ನಾನು ಬಳಿಯುತ್ತಲೇ ಇದ್ದೆ.

ಕಳೆದ ಗುರುವಾರ ಶಾಲೆಯ ಕಿಟಕಿಗಳನ್ನು ಬರೆಯುತ್ತಿದ್ದಾಗ ನಿನ್ನ ಭಾವ ಚಹಾ ತಂದು ಕೊಟ್ಟವರು, ಹೋಗದೆ ಅಲ್ಲೇ ನಿಂತರು.

"ಇನ್ನೂರು ವರ್ಷದ ಹಿಂದೆ ನೀರಿನ ಟ್ಯಾಂಕ್ ಇತ್ತೇನೇ?"

"ಹುಡುಗರಿಗೆ ಜಾಗ ಗುರುತು ಸಿಗಲಿ ಅಂತ ಇಡಿಸಿದ್ದಾರೆ ಅಷ್ಟೇ" ಎಂದೆ.

"ಟೆಲಿಫೋನ್ ಆಫೀಸೂ ಗುರುತಿಗಾ? ಈ ಶಾಲೆನೂ ಗುರುತಿಗಾ? ನಿನ್ನ ಇಟ್ಟಿಗೆ ಬಣ್ಣದ ಕೋಟು ಎಲ್ಲಿ ಹೋಯ್ತು?" ಚಹಾ ಆರುತ್ತಿತ್ತು, ಅವರು ಕೂರಲೂ ಇಲ್ಲ, ಹೋಗಲೂ ಇಲ್ಲ. "ಇದು ಆಗಿಹೋದ ಯುದ್ಧ ಅಲ್ಲ ಕಣೇ. ಆಗಬೇಕಾಗಿರೋದು."

ಮದುವೆಯಾದಾಗಿನಿಂದ ನನ್ನ ಹಡಗುಗಳನ್ನು ಆಟದ ಸಾಮಾನು ಎಂದು ಹಾಸ್ಯ ಮಾಡಿಕೊಂಡು ಬಂದ ಮನುಷ್ಯ. ನೋಡಬೇಕಾದದ್ದನ್ನು ಒಂದೇ ನೋಟಕ್ಕೆ ನೋಡಿದ್ದು ಅವರೇ. ನಾನು ಕುಂಚ ಕೆಳಗಿಟ್ಟೆ. ಆ ಶಾಲೆಯ ಎರಡನೇ ಕಿಟಕಿಯ ಹಿಂದೆ ನಿನ್ನ ಮಗಳು ಕೂರುತ್ತಾಳಲ್ಲೋ.

ಶನಿವಾರ ಕೊನೆಯ ಆಟ ಮುಗಿಯಿತು. ನಿನ್ನೆ ಸೋಮವಾರ ನಾಲ್ಕು ಜನ ಬಂದು ಮೇಜನ್ನೇ ಬಿಚ್ಚಿ ಪೆಟ್ಟಿಗೆಗೆ ತುಂಬಿಕೊಂಡು ಹೋದರು. ತಮ್ಮನ ಚಿತ್ರ ವಾಪಸ್ ಕೊಡಿ ಎಂದೆ. "ಅದು ಇರಲಿ ಬಿಡಿ ಅಮ್ಮಾ" ಎಂದರು ಮೇಷ್ಟ್ರು, ಬಹಳ ಮರ್ಯಾದೆಯಿಂದ. "ಇನ್ನೊಂದು ವಾರ ಊರಲ್ಲೇ ಇರಿ, ಏನಾದ್ರೂ ಕೇಳೋದಿದ್ರೆ ಬರ್ತೀವಿ." ಇಂದು ಬೆಳಿಗ್ಗೆ ಒಬ್ಬ ಲ್ಯಾಬಿಗೆ ಬಂದು ಹಲ್ಲು ನೋವು ಎಂದು ಕೂತ. ಬಾಯಿ ತೆಗೆಸಿದೆ. ಮೂವತ್ತೆರಡೂ ಕಲ್ಲಿನಂತಿವೆ! ಡಾಕ್ಟರ ಹತ್ತಿರ ಹೋಗಿ, ಇಲ್ಲಿ ಬರೀ ಕಟ್ಟಿಸಿದ ಹಲ್ಲು ಎಂದರೂ ಏಳಲಿಲ್ಲ. ಬಾಗಿಲ ಪಕ್ಕದ ಬೆಂಚಿನಲ್ಲಿ ಅದೇ ಪೇಪರನ್ನು ಮೂರನೇ ಸಲ ಓದುತ್ತಿದ್ದಾನೆ. ನಾನು ಒಳಗೆ ಯಾರದೋ ಅಳತೆ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾನೆ.

ಬಂದರಿಗೆ ಹೋಗುವ ಐಸ್ ಲಾರಿಯೊಂದಕ್ಕೆ ಸೇತುವೆಯ ಮೇಲೆ ಇನ್ನೂ ಪಾಸ್ ಇದೆ. ಅದರ ಡ್ರೈವರನ ಕೆಳಗಿನ ಹಲ್ಲಿನ ಸೆಟ್ ನಾನೇ ಮಾಡಿದ್ದು. ಐದು ಗಂಟೆಗೆ ಅವನು ಬಂದು ಹಲ್ಲಿನ ಡಬ್ಬಿ ತೆಗೆದುಕೊಂಡು ಹೋಗುತ್ತಾನೆ, ಈ ಕಾಗದ ಅದರ ತಳದಲ್ಲಿರುತ್ತದೆ. ಓದಿದ ಮೇಲೆ ಸುಟ್ಟುಹಾಕು. ನಿಮ್ಮ ಬಂದರಿನ ಅಧಿಕಾರಿಗಳಿಗೆ ಹೇಳಬೇಕೆನಿಸಿದರೆ ಹೇಳು, ನನ್ನ ಹೆಸರು ಹೇಳಿದರೂ ಸರಿ. ಆದರೆ ಹೇಳಿ, ಅವರು ನಂಬುವ ತನಕ ಕಾಯುತ್ತಾ ಕೂರಬೇಡ. ಮೊದಲು ಹೆಂಡತಿ, ಮಗಳನ್ನು ಬಸ್ಸು ಹತ್ತಿಸು. ನೀನೂ ಹತ್ತು. ನೀನು ಹತ್ತಬೇಕು, ತಿಳಿಯಿತೇ? ಮನೆ ಕಾಯಲು ಹಿಂದೆ ಉಳಿದುಕೊಂಡೆಯೋ, ನಾನು ಈ ಜನ್ಮದಲ್ಲಿ ನಿನ್ನ ಜೊತೆ ಮಾತಾಡುವುದಿಲ್ಲ.

ಚಿಕ್ಕವಳ ಕೆನ್ನೆಗೆ ನನ್ನದೊಂದು ಮುತ್ತು. ನೀವು ಮೂವರೂ ಎಲ್ಲಾದರೂ ಇರಿ, ಹೇಗಾದರೂ ಇರಿ, ನೂರು ವರ್ಷ ಇರಿ. ನನ್ನನ್ನು ಶಪಿಸಿಕೊಂಡಾದರೂ ಇರಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಕೊನೆಯ ಆಟ ಮುಗಿಯಿತು ಎಂದು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟೆ. ಭಾವ ಹೇಳಿದ್ದು ಗುರುವಾರ, ಆಟ ಶನಿವಾರ. ಎಲ್ಲ ಗೊತ್ತಿದ್ದೂ ನಾನು ಹೋದೆ. ಹೋಗದಿದ್ದರೆ ಮೇಷ್ಟ್ರಿಗೆ ಅನುಮಾನ ಬರುತ್ತದೆ ಎಂದು ನಿನ್ನ ಭಾವನಿಗೆ ಹೇಳಿದೆ, ಆದರೆ ಮುಗಿಸಿದ ಮೇಜನ್ನು ನೋಡದೆ ನನ್ನಿಂದ ಇರಲಾಗಲಿಲ್ಲ. ದೋಣಿಗಳು ಕೆಸರು ಬಯಲು ದಾಟುವಾಗ ಮೇಷ್ಟ್ರು, "ಅಂಪೈರ್, ಇವರನ್ನ ಮೊದಲು ನೋಡೋದು ಯಾರು?" ಎಂದು ಕೇಳಿದರು. ಯಾರೂ ಇಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ನನಗೆ ಉತ್ತರ ಗೊತ್ತಿತ್ತು, ಅದು ಬಾಯಿಂದ ಬಂದೇಬಿಟ್ಟಿತು. "ಕೊನೇ ಮನೆ, ದೋಣಿ ರಿಪೇರಿಯವನದು. ಅವನು ನಾಲ್ಕಕ್ಕೇ ಎದ್ದು ದೀಪ ಹಚ್ಚಿ ನೀರು ನೋಡ್ತಾ ಕೂರ್ತಾನೆ" ಎಂದೆ. ಅವರು ಒಂದು ಕೆಂಪು ಗುಂಡುಸೂಜಿ ತೆಗೆದು ನಿನ್ನ ಸೂರಿಗೆ ಚುಚ್ಚಿದರು. "ಇದು ಮೊದಲು" ಎಂದು ಆ ಇಬ್ಬರಿಗೆ ಹೇಳಿದರು. ನಾನು ಏನು ಮಾಡಿದೆ ಗೊತ್ತೇನೋ? ಸೂಜಿ ಒರಟಾಗಿ ಚುಚ್ಚಿ ಹೆಂಚಿನ ಬಣ್ಣ ಎದ್ದಿತ್ತು. ಕುಂಚ ತೆಗೆದು, ಸುತ್ತ ಸರಿಯಾಗಿ ಬಳಿದುಕೊಟ್ಟೆ.