ಕರೆದಾಗ ಇಲ್ಲದವರು

ಜನವರಿ 9, ಬೆಳಗ್ಗೆ 5.10

ಮಗಳು ಗುಬ್ಬಿ ಎಡಭುಜದ ಮೇಲೆ. ಬಲಗೈ ಕೀಬೋರ್ಡಿನ ಮೇಲೆ. ಒಂದೇ ಕೈಯಲ್ಲಿ ಶಿಫ್ಟ್ ಒತ್ತಿ ಆವರಣ ಹಾಕುವ ವಿದ್ಯೆ ಈಗ ಕರಗತ. ಮಂಚಕ್ಕೆ ಇಳಿಸಿದರೆ ಎದ್ದುಬಿಡುತ್ತಾಳೆ. ಬೆನ್ನಲ್ಲೇ ಸೆನ್ಸರ್ ಇಟ್ಟುಕೊಂಡು ಹುಟ್ಟಿದ ಹಾಗಿದೆ.

ಔಷಧಿ ಕೊಟ್ಟ ಹೊತ್ತನ್ನು ಗುರುತು ಹಾಕುವ ನನ್ನ ಪುಟ್ಟ ವೆಬ್ ಪುಟ ಕಡೆಗೂ ಓಡಿತು! ಹಿಗ್ಗಿ ಹೀರೇಕಾಯಿಯಾದೆ. ಕೋಡ್ ಬರೆಯುವವರ ‘ಕೋಡ್ ಕಟ್ಟೆ’ ಎಂಬ ಫೋನ್ ಗುಂಪಿಗೆ ಲಿಂಕ್ ಹಾಕಿದೆ. ದಯವಿಟ್ಟು ನೋಡಿ, ತಪ್ಪಿದ್ದರೆ ಹೇಳಿ ಎಂದು ಬರೆದೆ. ಕಾಲೇಜು ಬಿಟ್ಟ ಮೇಲೆ ಯಾರಿಗಾದರೂ ಏನನ್ನಾದರೂ ತೋರಿಸಿದ್ದು ಇದೇ ಮೊದಲು.

ಮಧ್ಯಾಹ್ನ

ಮಾನ ಹೋಯಿತು. ಯಾರಿಗೂ ತೆರೆಯುತ್ತಿಲ್ಲ. ‘ಗಡ್ಡ’ ಎಂಬ ಹೆಸರಿಟ್ಟುಕೊಂಡವರೊಬ್ಬರು ಬರೆದಿದ್ದಾರೆ — “ಅಕ್ಕಾ, ಇದು ಲೋಕಲ್‌ಹೋಸ್ಟ್. ನಿಮ್ಮ ಲ್ಯಾಪ್‌ಟಾಪ್ ಒಳಗಿನ ವಿಳಾಸ. ನೋಡ್ಬೇಕಂದ್ರೆ ನಾವೆಲ್ಲ ನಿಮ್ಮ ಮನೆಗೇ ಬರ್ಬೇಕು. ಕಾಫಿ ಕೊಡ್ತೀರಾ?” ಕೆಳಗೆ ನಗುವ ಮುಖಗಳ ಸಾಲು.

ಗುಂಪು ಬಿಡಲು ಬೆರಳು ಇಟ್ಟಿದ್ದೆ. ಅಷ್ಟರಲ್ಲಿ ‘ತರ್ಲೆ’ ಎಂಬುವಳ ಸಂದೇಶ — “ಬೇಜಾರಾಗ್ಬೇಡಿ ಅಕ್ಕಾ. ನಾನು ಇದನ್ನ ಮೂರು ಸಲ ಮಾಡಿದ್ದೀನಿ. ಮೂರನೇ ಸಲ ನಮ್ಮ ಮೇಡಂಗೇ ಕಳಿಸಿದ್ದೆ.”

ಬಿಡಲಿಲ್ಲ.

ಜನವರಿ 17

ಲಸಿಕೆಗೆಂದು ಕ್ಲಿನಿಕ್ಕಿಗೆ ಹೋಗಿದ್ದೆ. ಬೆಂಚುಗಳು ತುಂಬಿ ಮೆಟ್ಟಿಲ ಮೇಲೂ ಜನ. ಗುಬ್ಬಿ ಹಸಿದು ಕಿರುಚಿದಳು. ಪರದೆಯ ಹಿಂದೆ ಹೋಗಿ ಕೂತೆ. ಕುಡಿಸುತ್ತಿರುವಾಗಲೇ ನಮ್ಮ ಟೋಕನ್ ಕರೆದದ್ದು ಕೇಳಿಸಿತು. ಎದ್ದು ಬರುವಷ್ಟರಲ್ಲಿ ಮುಂದಿನವರು ಒಳಗೆ.

“ಕರೆದಾಗ ಇರ್ಲಿಲ್ವಲ್ಲಮ್ಮ. ಕೊನೆಗೆ ಹೋಗಿ ಕೂತ್ಕೊಳಿ” ಎಂದರು ಸಿಸ್ಟರ್. ಅವರ ತಪ್ಪೇನಿಲ್ಲ, ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಕೊನೆಗೆ ಹೋದೆ. ಊಟದ ಹೊತ್ತಿಗೆ ಬಾಗಿಲು ಹಾಕಿದರು. ವಾಪಸ್.

ಅತ್ತೆ ಕೇಳಿದರು — “ಈಗಷ್ಟೇ ಕುಡಿಸಿ ಬಂದೆ ಅಂತ ಒಂದು ಮಾತು ಹೇಳೋಕೆ ಬಾಯಿ ಇರ್ಲಿಲ್ವೇನೇ ನಿಂಗೆ?”

ಇರಲಿಲ್ಲ. ಕೊನೆಗೆ ಹೋಗಿ ಎಂದರೆ ಹೋಗುತ್ತೇನೆ. ಮೊದಲಿನಿಂದಲೂ ಹಾಗೇ.

ಫೆಬ್ರವರಿ 1

ಕಟ್ಟೆಯವರು ಭಾನುವಾರ ಲೈಬ್ರರಿಯ ಮಹಡಿಯಲ್ಲಿ ಸೇರುತ್ತಾರೆ. ಗುಬ್ಬಿಯನ್ನು ಎತ್ತಿಕೊಂಡೇ ಹೋದೆ. ಬಾಗಿಲಲ್ಲೇ ನಿಂತೆ — ಎಲ್ಲ ನನಗಿಂತ ಚಿಕ್ಕವರು, ಲ್ಯಾಪ್‌ಟಾಪಿನ ಮೇಲೆಲ್ಲ ಸ್ಟಿಕ್ಕರು.

ಗಡ್ಡನಿಗೆ ಗಡ್ಡವೇ ಇಲ್ಲ. “ಬೋಳಿಸಿ ವರ್ಷ ಆಯ್ತು ಅಕ್ಕಾ, ಹೆಸರು ಮಾತ್ರ ಬೆಳೀತಾನೇ ಇದೆ.” ತರ್ಲೆ ಎರಡನೇ ವರ್ಷದ ಹುಡುಗಿ. ಮಾತು ಶುರು ಮಾಡಿದರೆ ಪೂರ್ಣವಿರಾಮ ಇಲ್ಲ.

ಇಲ್ಲಿ ಇಬ್ಬಿಬ್ಬರು ಒಂದು ಮಷಿನ್ನಿನ ಮುಂದೆ ಕೂರುತ್ತಾರೆ. ಒಬ್ಬರು ಟೈಪ್ ಮಾಡುವುದು, ಪಕ್ಕದವರು ಬಾಯಲ್ಲಿ ಹೇಳುತ್ತ ಹೋಗುವುದು. ನನಗೆಂದೇ ಹೇಳಿ ಮಾಡಿಸಿದ ಪದ್ಧತಿ — ಕೈ ಗುಬ್ಬಿಗೆ, ಬಾಯಿ ಕೋಡಿಗೆ. ತರ್ಲೆ ಟೈಪ್ ಮಾಡಿದಳು, ನಾನು ಹೇಳಿದೆ. ಮರೆತೇ ಹೋಗಿದೆ ಅಂದುಕೊಂಡದ್ದೆಲ್ಲ ಒಂದೊಂದಾಗಿ ನಾಲಿಗೆಗೆ ಬಂತು.

ಮಾರ್ಚಿನಲ್ಲಿ ಎರಡು ದಿನದ ಹ್ಯಾಕಥಾನ್, ತಂಡ ಕಟ್ಟಿಕೊಂಡು ಕೋಡ್ ಬರೆಯುವ ಸ್ಪರ್ಧೆ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವಂಥದ್ದು. ನನ್ನ ಕ್ಲಿನಿಕ್ಕಿನ ಪುರಾಣ ಕೇಳಿ ಗಡ್ಡ ಮೇಜು ಕುಟ್ಟಿದ — “ಅದನ್ನೇ ಮಾಡೋಣ! ಸರದಿ ಹತ್ತಿರ ಬಂದಾಗ ಫೋನಿಗೇ ಕರೆ.”

ಜೂನ್ ಮುಗಿಯುವುದರೊಳಗೆ ಕಾಲೇಜಿಗೆ ಮರಳದಿದ್ದರೆ ನನ್ನ ಸೀಟು ರದ್ದು. ಕೊನೇ ವರ್ಷ, ಅರ್ಧಕ್ಕೆ ನಿಂತದ್ದು. “ಇನ್ನೊಂದು ವರ್ಷ ತಡಿ, ಓದು ಎಲ್ಲಿಗೆ ಓಡಿಹೋಗುತ್ತೆ?” ಎನ್ನುತ್ತಾರೆ ಅತ್ತೆ. ಓಡಿಹೋಗುವುದಿಲ್ಲ. ಕಾಯುವುದೂ ಇಲ್ಲ. ಇವರು “ನಿನ್ನಿಷ್ಟ” ಎಂದು ಮಗ್ಗುಲು ಬದಲಿಸುತ್ತಾರೆ. ನನ್ನಿಷ್ಟ ನನಗೇ ತಿಳಿಯದು... ಆಗುತ್ತದೆಯೇ ನನ್ನಿಂದ?

ಪಣ ಕಟ್ಟಿಕೊಂಡಿದ್ದೇನೆ. ಹ್ಯಾಕಥಾನಿನಲ್ಲಿ ಕೊನೆಯವರೆಗೆ ಕೂತರೆ ಕಾಲೇಜಿಗೆ ಮರಳುತ್ತೇನೆ. ನಡುವೆ ಎದ್ದು ಬಂದರೆ ಇಲ್ಲ. ಯಾರಿಗೂ ಹೇಳಿಲ್ಲ.

ಫೆಬ್ರವರಿ 22

ಗುಬ್ಬಿಗೆ ಜ್ವರ. ಆಮೇಲೆ ನನಗೆ. ಆಮೇಲೆ ಇವರಿಗೆ. ಅತ್ತೆಯೊಬ್ಬರೇ ಗಟ್ಟಿ.

ಇವತ್ತು ಮತ್ತೆ ಲೈಬ್ರರಿ. ಗಡ್ಡ ಬರೆದ ಭಾಗ ನೋಡಿದೆ. ಟೋಕನ್ ಕರೆಯುತ್ತದೆ, ಉತ್ತರ ಬಾರದಿದ್ದರೆ ಡಿಲೀಟ್.

“ಡಿಲೀಟ್ ಅಂದ್ರೆ?”

“ಬರ್ಲಿಲ್ಲ ಅಂದ್ರೆ ಹೋದ್ರು ಅಂತ ತಾನೆ ಅಕ್ಕಾ. ಹಾಲು ಕುಡಿಸ್ತಿದ್ದಾರೋ ಮನೆಗೆ ಹೋದ್ರೋ, ಸಿಸ್ಟಮ್‌ಗೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗಲ್ಲ. ಗೊತ್ತಾಗಲ್ಲ ಅಂದ್ಮೇಲೆ ಹೋದ್ರು ಅಂತಲೇ ಯಾಕೆ ಅಂದ್ಕೋಬೇಕು?”

ದನಿ ಏರಿತ್ತು. ಗುಬ್ಬಿಯೂ ತಲೆಯೆತ್ತಿ ನನ್ನನ್ನೇ ನೋಡಿದಳು. ಕರೆದಾಗ ಇಲ್ಲದವರನ್ನು ಅಳಿಸುವುದು ಬೇಡ, ಮುಂದಿನ ಇಬ್ಬರಾದ ಮೇಲೆ ಮತ್ತೆ ಕರೆಯಲಿ ಎಂದೆ. ಗಡ್ಡ ಕೆನ್ನೆ ಕೆರೆದುಕೊಂಡ — “ಸರಿ ಅಕ್ಕಾ. ಆ ಭಾಗ ನೀವೇ ಬರೀರಿ.”

ಬಾಯಿ ಇತ್ತಲ್ಲ ಇವತ್ತು! ಈಗ ಕೋಡ್ ಬೇಕು.

ಮಾರ್ಚ್ 14, ಸಂಜೆ

ಮೊದಲ ದಿನ. ಮಗು ನೋಡಿಕೊಳ್ಳಲು ಅತ್ತೆ ಬಂದಿದ್ದರು. ದೊಡ್ಡ ಹಾಲ್, ನೆಲದ ತುಂಬ ವೈರು. “ಇಷ್ಟೊಂದು ಮಕ್ಕಳು, ಒಬ್ಬರೂ ಮುಖ ನೋಡಿ ಮಾತಾಡ್ತಿಲ್ಲ” ಎಂದು ಅತ್ತೆ ಗೊಣಗಿದರು. ನಮಗೆ ಪಕ್ಕದ ಸ್ಟೋರ್ ರೂಮ್ ಕೊಟ್ಟರು — ಮುರಿದ ಕುರ್ಚಿಗಳ ನಡುವೆ ಒಂದು ಗಟ್ಟಿ ಕುರ್ಚಿ.

ಮಧ್ಯಾಹ್ನದ ಹೊತ್ತಿಗೆ ಓಡಿತು. ಮೇಜಿನ ಮೇಲೆ ಫೋನುಗಳನ್ನು ಸಾಲಾಗಿಟ್ಟೆವು, ಒಂದೊಂದು ಫೋನೂ ಒಬ್ಬೊಬ್ಬ ತಾಯಿ. ಒಬ್ಬಳು ಬಾರದಿದ್ದರೆ ಇಬ್ಬರಾದ ಮೇಲೆ ಮತ್ತೆ ಅವಳ ಕರೆ. ಎಷ್ಟು ಚೆಂದ!

ಆಗ ತರ್ಲೆ ತನ್ನ ಹೆಸರು ಉಳಿಸಿಕೊಂಡಳು. “ಎಲ್ಲರೂ ಒಟ್ಟಿಗೆ ಹಾಲು ಕುಡಿಸೋಕೆ ಹೋದ್ರೆ?” ಎನ್ನುತ್ತ ಎಲ್ಲ ಫೋನೂ ಆಫ್ ಮಾಡಿದಳು.

ಪರದೆಯ ಮೇಲೆ ಏಳು, ಎಂಟು, ಒಂಬತ್ತು, ಏಳು, ಎಂಟು, ಒಂಬತ್ತು... ಕಣ್ಣಿಗೆ ಸಿಗದ ವೇಗ. ಫ್ಯಾನು ಗುಂಯ್ ಎಂದಿತು, ಲ್ಯಾಪ್‌ಟಾಪ್ ಕಲ್ಲಾಯಿತು. ಹಿಂದಿನಿಂದ ಅತ್ತೆ — “ಮೂರೂ ಜನ ಬಾಗಿಲಲ್ಲಿ ನಿಂತು ನೀವು ಮೊದಲು, ನೀವು ಮೊದಲು ಅಂತಿದ್ದಾರಲ್ಲೇ!”

ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಸ್ಟೋರ್ ರೂಮಿನಲ್ಲಿ ಗುಬ್ಬಿಯ ತಲೆ ಒದ್ದೆಯಾಗುವಷ್ಟು ಅತ್ತುಬಿಟ್ಟೆ. ಸಂಜೆಯವರೆಗೂ ಸರಿಹೋಗಲಿಲ್ಲ. “ನಾಳೆ ಆಗ್ಲಿಲ್ಲ ಅಂದ್ರೆ ಡಿಲೀಟೇ ಇಟ್ಕೊಳ್ಳೋಣ ಅಕ್ಕಾ” ಎಂದ ಗಡ್ಡ. ಒಳ್ಳೆಯ ಹುಡುಗ, ಮೆಲ್ಲಗೆ ಹೇಳಿದ.

ನಾಳೆ ಹೋಗುವುದೋ ಬೇಡವೋ. ತಲೆನೋವು ಎಂದರೆ ಸಾಕು, ಎಲ್ಲರೂ ನಂಬುತ್ತಾರೆ. ಈ ಹಾಳು ಪಣ ಯಾಕೆ ಕಟ್ಟಿಕೊಂಡೆನೋ—

ಮಾರ್ಚ್ 15, ಬೆಳಗಿನ ಜಾವ

ಸಿಕ್ಕಿತು!!

ಗುಬ್ಬಿ ಎದ್ದಳು. “ರೀ, ನೀರಿನ ಲೋಟ ಕೊಡ್ತೀರಾ?” ಎಂದೆ. “ಹೂಂ... ಬಂದೆ” ಎಂದರು, ಹಾಗೇ ಗೊರಕೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದೆ. ಎದ್ದು ತಂದುಕೊಟ್ಟರು.

ಸ್ವಲ್ಪ ಹೊತ್ತು ಬಿಟ್ಟು! ನನ್ನ ಕೋಡ್ ಬಿಡುವುದೇ ಇಲ್ಲವಲ್ಲ. ಕರೆದು ಉತ್ತರಕ್ಕೆ ಕಾಯದೆ ಇನ್ನೊಬ್ಬರನ್ನು, ಅವರಿಗೂ ಕಾಯದೆ ಮತ್ತೊಬ್ಬರನ್ನು. ಒಂದೇ ಉಸಿರಿಗೆ ಸಾವಿರ ಸಲ ಕೂಗಿದರೆ ಯಾವ ಗಂಡ ಎದ್ದಾನು?

ಒಂದು ಕರೆ, ಒಂದು ಬಿಡುವು. ಎಲ್ಲರೂ ಇಲ್ಲದಿದ್ದರೆ ಸರದಿ ನಿಂತಲ್ಲೇ ನಿಲ್ಲಲಿ, ಸಿಸ್ಟರ್ ನೋಡುವ ಪರದೆಯಲ್ಲಿ ‘ಸ್ವಲ್ಪ ತಾಳಿ’ ಎಂದು ಬರಲಿ. ತಾಯಿಯ ಫೋನಿನಲ್ಲಿ ಒಂದೇ ಗುಂಡಿ — ‘ಬಂದೆ’. ಅದನ್ನು ಒತ್ತಿದವರು ಮೊದಲು.

“ಏನಾಯ್ತು, ಯಾಕೆ ನಗ್ತಿದ್ದೀಯಾ?” ಇವರು ಕಣ್ಣುಜ್ಜುತ್ತ ಕೇಳಿದರು.

“ನೀವು ಸೋಮಾರಿ ಆಗಿದ್ದು ಒಳ್ಳೇದಾಯ್ತು.”

ಗುಬ್ಬಿ ಭುಜದ ಮೇಲೆ. ಒಂದೇ ಕೈ. ಟೈಪ್ ಮಾಡುತ್ತಿದ್ದೇನೆ.

ಮಾರ್ಚ್ 15, ರಾತ್ರಿ

ಬಹುಮಾನ ಬರಲಿಲ್ಲ. ಗಿಡಕ್ಕೆ ತಾನೇ ನೀರು ಹಾಕುವ ಯಂತ್ರಕ್ಕೆ ಹೋಯಿತು. ಹೋಗಲಿ.

ಆದರೆ ತೋರಿಸುವಾಗ! ಎಂಟನೇ ಟೋಕನ್ ಅತ್ತೆಯ ಫೋನು. ಸರಿಯಾಗಿ ಆ ಹೊತ್ತಿಗೆ ಗುಬ್ಬಿ ಒದ್ದೆ ಮಾಡಿಕೊಂಡಳು, ಅತ್ತೆ ಸ್ಟೋರ್ ರೂಮಿಗೆ ಓಡಿದರು. ಎಂಟು — ಇಲ್ಲ. ಒಂಬತ್ತು, ತರ್ಲೆ. ಹತ್ತು, ಗಡ್ಡ. ಮತ್ತೆ ಎಂಟು. ಹಾಲ್‌ನ ಹಿಂಬಾಗಿಲಿನಿಂದ ಅತ್ತೆ, ಕಂಕುಳಲ್ಲಿ ಗುಬ್ಬಿ, ಕೈಯಲ್ಲಿ ಫೋನು — “ಬಂದೇ... ಬಂದೇ!” ಗುಂಡಿ ಒತ್ತುವುದು ಬಿಟ್ಟು ಬಾಯಲ್ಲೇ ಕೂಗಿಕೊಂಡು ಬಂದರು. ಚಪ್ಪಾಳೆ ಬಿತ್ತು.

ತೀರ್ಪುಗಾರರಲ್ಲಿ ಒಬ್ಬರು, ನಾವು ಲಸಿಕೆಗೆ ಹೋಗಿದ್ದ ಅದೇ ಕ್ಲಿನಿಕ್ ನಡೆಸುವ ಡಾಕ್ಟರಮ್ಮ. “ನಿಜವಾಗಿ ಮನೆಗೇ ಹೋಗಿಬಿಟ್ಟಿದ್ರೆ?” ಎಂದರು. “ಮೂರು ಸಲ ಕರೆದ್ರೆ ಸಾಕು ಮೇಡಂ, ಆಮೇಲೆ ಬಿಡೋಣ. ಒಂದೇ ಸಲಕ್ಕೆ ಬಿಡೋದು ಬೇಡ” ಎಂದೆ. ಗುರುವಾರ ಕ್ಲಿನಿಕ್ಕಿಗೆ ಬಂದು ಇದನ್ನು ಹಾಕಿಕೊಡಿ ಎಂದರು.

ಕುರ್ಚಿ ಮಡಚುವವರೆಗೂ ಕೂತಿದ್ದೆ.

ಆಟೋದಲ್ಲಿ ಅತ್ತೆಗೆ ಪಣದ ವಿಷಯ ಹೇಳಿಬಿಟ್ಟೆ. ಗುಬ್ಬಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಆಮೇಲೆ — “ಕ್ಲಾಸು ಎಷ್ಟು ಗಂಟೆಗೆ ಶುರು? ನಾನು ಬೆಳಗ್ಗೆ ಬೇಗ ತಿಂಡಿ ಮಾಡ್ಕೋಬೇಕಲ್ಲ.”

ಏಪ್ರಿಲ್ 20

ಕ್ಲಿನಿಕ್ಕಿನಲ್ಲಿ ಓಡುತ್ತಿದೆ. ಎರಡು ಸಲ ಕೆಟ್ಟಿತು, ಎರಡು ಸಲವೂ ಹೋಗಿ ಸರಿ ಮಾಡಿದೆವು. ಸಿಸ್ಟರಿಗೆ ಕಟ್ಟಿದ್ದ ಗಂಟಲು ವಾಪಸ್ ಬಂದಿದೆ, ಆ ಗಂಟಲಲ್ಲೇ ನಮ್ಮನ್ನು ಬೈಯುತ್ತಾರೆ.

ಇವತ್ತು ಕಟ್ಟೆಗೆ ಹೊಸಬರೊಬ್ಬರು ಲಿಂಕ್ ಹಾಕಿದ್ದರು. ದಯವಿಟ್ಟು ನೋಡಿ ಎಂದು. ಲೋಕಲ್‌ಹೋಸ್ಟ್! ಗಡ್ಡ ಕಾಫಿ ಕೇಳುವ ಮೊದಲೇ ಬರೆದೆ — “ಇದು ನಿಮ್ಮ ಮಷಿನ್ನಲ್ಲಿ ಮಾತ್ರ ತೆರೆಯುತ್ತೆ. ಗುಂಪು ಬಿಡ್ಬೇಡಿ. ಭಾನುವಾರ ಬನ್ನಿ, ಹೇಳಿಕೊಡ್ತೀನಿ.”

ಹೇಳಿಕೊಡ್ತೀನಿ. ಬರೆದ ಮೇಲೆ ಎರಡು ಸಲ ಓದಿಕೊಂಡೆ. ನಾನೇ ಬರೆದದ್ದು.

ಜೂನ್ 3, ಕಾಲೇಜ್ ಆಫೀಸಿನ ಹೊರಗೆ

ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ರಾತ್ರಿ ಕಣ್ಣು ಮುಚ್ಚಿಲ್ಲ. ಮುಂದೆ ಉದ್ದ ಸಾಲಿತ್ತು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಅತ್ತೆ ಗುಬ್ಬಿಯನ್ನು ಕಾರಿಡಾರಿನಲ್ಲಿ ನಡೆಸುತ್ತಿದ್ದರು, ನನ್ನ ಸರದಿ ಹತ್ತಿರ ಬಂದಾಗಲೇ ಅವಳು ಬಿದ್ದು ಹಣೆ ಕೆಂಪು ಮಾಡಿಕೊಂಡಳು. ಓಡಿದೆ. ಎತ್ತಿಕೊಂಡು ಸಮಾಧಾನ ಮಾಡುವಾಗಲೇ ನನ್ನನ್ನು ಕರೆದು, ಮುಂದಿನವರನ್ನೂ ಕರೆದಾಗಿತ್ತು.

ಮೊದಲಾಗಿದ್ದರೆ ಕೊನೆಗೆ ಹೋಗಿ ನಿಲ್ಲುತ್ತಿದ್ದೆ. ಇಲ್ಲವೇ ಮನೆಗೇ ಹೋಗುತ್ತಿದ್ದೆ.

ಕಿಟಕಿಗೆ ಹೋದೆ. “ಸರ್, ಮಗು ಬಿದ್ಲು, ಅದಕ್ಕೇ ಹೋಗಿದ್ದೆ. ನಾನಿಲ್ಲೇ ಇದ್ದೀನಿ. ಇಬ್ಬರಾದ ಮೇಲೆ ನನ್ನ ಕರೀತೀರಾ?”

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. “ಲೆಕ್ಕ ನೀವೇ ಹಾಕ್ಕೊಂಡು ಬಂದಿದ್ದೀರಲ್ಲಮ್ಮ! ಆಯ್ತು, ಕೂತ್ಕೊಳಿ.”

ಕೂತಿದ್ದೇನೆ. ಗುಬ್ಬಿ ಮಡಿಲಲ್ಲಿ ಪೆನ್ನು ಎಳೆಯುತ್ತಿದ್ದಾಳೆ. ಒಬ್ಬ ಹುಡುಗ ಒಳಗೆ ಹೋಗಿ ಬಂದ. ಈಗ ಒಬ್ಬ ಹುಡುಗಿ ಹೋದಳು. ಅತ್ತೆ ಸೆರಗಿನಿಂದ ನನ್ನ ಹಣೆ ಒರೆಸುತ್ತಿದ್ದಾರೆ, ಬಿದ್ದವಳು ನಾನೇ ಎಂಬಂತೆ.

ಬಾಗಿಲು ತೆರೆಯಿತು. ಹುಡುಗಿ ನಗುತ್ತಾ ಬರುತ್ತಿದ್ದಾಳೆ. ಒಳಗಿನಿಂದ ನನ್ನ ಹೆಸ—