ಮರಳಿಗೆ ಕಾಲಿಟ್ಟ ಗಾನವಿ

ಹೆಡತಲೆ
೯ ಡಿಸೆಂಬರ್ ೨೦೨೪

ಅವ್ವನಿಗೆ ಮಗಳು ಮಂಗಳಾಳ ಶರಣು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ನಡುಗಿತೆಂದರೆ ನಾನು ಬಾಯಿ ಮುಚ್ಚಿಕೊಂಡುಬಿಡುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮೊಮ್ಮಗಳು ಗಾನವಿ ಕ್ಷೇಮ. ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದಾಳೆ.

ಶುಕ್ರವಾರ ಅವಳ ಶಾಲೆಯವರು ನಾಲ್ಕನೇ ಕ್ಲಾಸಿನ ಮಕ್ಕಳನ್ನು ತಲಕಾಡಿಗೆ ಕರೆದುಕೊಂಡು ಹೋಗಿದ್ದರು. ಕಳಿಸಬೇಡ ಎಂದು ನೀನು ಅತ್ತಿದ್ದೆ, ಕಳಿಸುವುದಿಲ್ಲ ಎಂದು ನಾನೂ ಮಾತು ಕೊಟ್ಟಿದ್ದೆ. ಆದರೆ ಅವಳ ಟೀಚರ್ ಕವನ ಮಿಸ್ ಮನೆಗೇ ಬಂದು, ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗಿ, ಒಂದು ಸಲ ಹೊರಗೆ ಬರಲಿ ಎಂದು ಕೇಳಿಕೊಂಡರು. ಹೂಂ ಅಂದೆ. ಆದರೂ ಮನಸ್ಸು ತಡೆಯಲಿಲ್ಲ. ಅವರ ಬಸ್ಸು ಹೊರಟದ್ದೇ ನಾನೂ ನಂಜನಗೂಡಿಗೆ ಓಡಿ, ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಹಿಂದೆಯೇ ಹೋದೆ. ನಮ್ಮ ಯಜಮಾನರಿಗೆ ಇದು ಗೊತ್ತಿಲ್ಲ.

ನಿನ್ನ ಹಿರಿಮಗಳು ವಿಶಾಲಕ್ಕನನ್ನು ಹೊಳೆ ಕೊಂಡೊಯ್ದ ಮೇಲೆ ಹುಟ್ಟಿದವಳು ನಾನು. ನನ್ನನ್ನು ನೀರಿನ ಹತ್ತಿರ ಬಿಡದಿರಲು ನೀನು ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಹಳೇ ಶಾಪದ ಕಥೆ ಹೇಳಿದೆ. ತಲಕಾಡಿನ ಮರಳು ಕಾಲು ಎಳೆಯುತ್ತದೆ, ಮಾಲಂಗಿ ಮಡು ಮಕ್ಕಳನ್ನು ಕರೆಯುತ್ತದೆ ಎಂದೆ. ಅದನ್ನೇ ನಾನು ಗಾನವಿಗೆ ತುತ್ತು ತಿನ್ನಿಸುತ್ತಾ ಹೇಳಿ ಬೆಳೆಸಿದೆ.

ಮಾತು ಕೇಳಿಸುವಷ್ಟು ಹತ್ತಿರದಲ್ಲೇ ಮರಗಳ ಮರೆಯಲ್ಲಿ ನಿಂತು ನೋಡಿದೆ ಅವ್ವ. ಮಿಕ್ಕ ಮಕ್ಕಳು ಮರಳ ದಿಬ್ಬದ ಮೇಲೆ ಉರುಳಾಡುತ್ತಿದ್ದರೆ ನಮ್ಮ ಕೂಸು ಅಂಚಿನಲ್ಲೇ ಮಿಸ್ ಸೆರಗು ಹಿಡಿದು ಅಳುತ್ತಿತ್ತು. ಒಳಗೆ ಹೂತುಹೋಗುತ್ತೇನೆ ಅನ್ನುತ್ತಿತ್ತು. 

ಮಿಸ್ ಬೈಯಲಿಲ್ಲ. ತಾವೇ ಚಪ್ಪಲಿ ಬಿಟ್ಟು ಮರಳಲ್ಲಿ ನಿಂತು, ಎಲ್ಲಿಯವರೆಗೆ ಹೂತಿದ್ದೇನೆ ನೋಡು ಎಂದರು. ಕಾಲ್ಬೆರಳು ಮುಚ್ಚಿತ್ತು, ಅಷ್ಟೇ. ಗಾನವಿ ಬಹಳ ಹೊತ್ತು ಬಗ್ಗಿ ನೋಡಿ, ಕಣ್ಣು ಒರೆಸಿಕೊಂಡು, ಒಂದು ಕಾಲಿಟ್ಟಳು. ಆಮೇಲೆ ಕೇಳಿದಳು: “ಮಿಸ್, ಈ ಮರಳು ಶಾಪ್ದಿಂದ ಬಂತಾ, ಗಾಳಿಯಿಂದ ಬಂತಾ?”

ಮಿಸ್ ಒಂದು ಹಿಡಿ ತೂರಿ ನೀನೇ ನೋಡು ಎಂದರು. ರಾಗಿ ತೂರುವಂತೆ ತೂರಿದಳು. ಮರಳು ಗಾಳಿಗೆ ದಿಬ್ಬದ ಕಡೆಗೇ ಹಾರಿತು. ಮತ್ತೆ ತೂರಿದಳು. ನೆಂಟರು ಬಂದರೆ ಬಾಗಿಲ ಸಂದಿ ಸೇರುವ ಹುಡುಗಿ, ಬನ್ರೋ ಇಲ್ಲಿ ನೋಡ್ರೋ ಎಂದು ಕ್ಲಾಸಿಗೆ ಕ್ಲಾಸನ್ನೇ ಕೂಗಿ ಕರೆದಳು.

ಖುಷಿಯಾಯಿತು ಎಂದು ಬರೆಯಬೇಕು. ನಿಜವೆಂದರೆ ಭಯ ಇಮ್ಮಡಿಯಾಯಿತು. ಮರಳಿನ ಕಥೆ ಸುಳ್ಳೆಂದು ಗೊತ್ತಾದದ್ದೇ ಅವಳು ಹೊಳೆಯ ಕಡೆ ತಿರುಗಿದಳು. ದಡದಲ್ಲಿ ಮಿಸ್ ಹಗ್ಗ ಕಟ್ಟಿಸಿದ್ದರು. ಅದಕ್ಕೆ ಎದೆಯೊತ್ತಿ ನಿಂತು ನೀರನ್ನೇ ನೋಡುತ್ತಿದ್ದಳು. ನಾನೂ ಮರದಿಂದ ಮರಕ್ಕೆ ಹತ್ತಿರ ಸರಿದೆ. ಅಷ್ಟರಲ್ಲಿ ಇನ್ನೊಂದು ಹುಡುಗಿ ಹಗ್ಗದ ಕೆಳಗೆ ನುಸುಳಿದಳು. ಅವಳ ಅಂಗಿ ಹಿಡಿದು ಹಿಂದಕ್ಕೆ ಎಳೆದವಳು ಗಾನವಿಯೇ.

“ನೀರು ಎಂಗೆ ಓಯ್ತದೆ ಅಂತ ಮೊದ್ಲು ನೋಡು ಕಣೇ. ಗೊತ್ತಿಲ್ದೆ ಇಳೀಬಾರ್ದು” ಅಂದಳು.

ನಾವು ಇಷ್ಟು ವರ್ಷ ಹೆದರಿಸಿದರೂ ಈ ಮಾತನ್ನು ಅವಳಿಗೆ ಕಲಿಸಿರಲಿಲ್ಲ ಅವ್ವ.

ಮುಂದಿನ ವಾರ ಶಾಲೆಯವರು ನರಸೀಪುರದ ಸಂಗಮ ತೋರಿಸಲು ಕರೆದೊಯ್ಯುತ್ತಾರೆ. ಹೂಂ ಅಂದಿದ್ದೇನೆ. ನನ್ನ ಹೆದರಿಕೆ ಹೋಗಿಲ್ಲ. ಭಾನುವಾರ ಅವಳನ್ನು ಸೋಸಲೆಗೆ ನಿನ್ನ ಹತ್ತಿರ ಕರೆತರುತ್ತೇನೆ. ಶಾಪದ ಕಥೆ ಬೇಡ. ವಿಶಾಲಕ್ಕನ ವಿಷಯ ಹೇಳು. ಅವಳು ಕೇಳಿಸಿಕೊಳ್ಳುತ್ತಾಳೆ.

ನಿನ್ನ ಮಗಳು,
ಸರ್ವಮಂಗಳಾ

ತಾ.ಕ.: “ಅಮ್ಮ, ನೀನು ಹೊಳೆಗೆ ಇಳಿದಿದ್ದೀಯಾ?” ಎಂದು ಗಾನವಿ ಈಗ ತಾನೇ ಕೇಳಿದಳು. ಚಿಕ್ಕವಳಿದ್ದಾಗ ದಿನಾ ಇಳಿಯುತ್ತಿದ್ದೆ ಎಂದು ಸುಳ್ಳು ಹೇಳಿಬಿಟ್ಟೆ. ಭಾನುವಾರ ತೋರಿಸು ಎನ್ನುತ್ತಿದ್ದಾಳೆ. ಅದಕ್ಕೇ ಶನಿವಾರ ನಾನೊಬ್ಬಳೇ ಬಂದು ಹೋಗುತ್ತೇನೆ. ಮೊಣಕಾಲಷ್ಟು ನೀರಿನಲ್ಲಾದರೂ ನಿಂತು ಕಲಿಯಬೇಕು. ನೀನು ಬಂದು ಕೈ ಹಿಡಿದುಕೋ. ನಿನಗೂ ಹೆದರಿಕೆಯಾದರೆ ಹೇಳು, ಇಬ್ಬರೂ ಹೊಳೆಯ ಮೊದಲನೇ ಮೆಟ್ಟಿಲಲ್ಲೇ ನಿಲ್ಲೋಣ.