ಒಂದೇ ಕೀಬೋರ್ಡಿಗೆ ನಾಲ್ಕು ಕೈ

ಮೇ 6, ಸೋಮವಾರ. ಬೆಳಿಗ್ಗೆ 8:10

ಮತ್ತೆ ಕೈ ಹಾಕಿದ್ದಾನೆ. ಶುಕ್ರವಾರ ಎಡಿಟರಿನಲ್ಲಿ ಇಪ್ಪತ್ತಮೂರು ಟ್ಯಾಬ್ ತೆರೆದಿಟ್ಟು ಹೋಗಿದ್ದೆ, ನನಗೆ ಬೇಕಾದ ಕ್ರಮದಲ್ಲಿ. ಈಗ ಮೂರು. ಶಾರ್ಟ್‌ಕಟ್‌ಗಳೂ ಅವನಿಷ್ಟದಂತೆ. ಕಂಟ್ರೋಲ್-ಟ್ಯಾಬ್ ಒತ್ತಿದರೆ ಕೊನೆಯದಾಗಿ ನೋಡಿದ ಕಡತಕ್ಕೆ ಹೋಗುತ್ತಿತ್ತು. ಈಗ ಸಾಲಿನಲ್ಲಿ ಪಕ್ಕದ್ದಕ್ಕೆ ಹೋಗುತ್ತದೆ.

ಬಸ್ ಟರ್ಮಿನಲ್ಲಿನ ಎಲೆಕ್ಟ್ರಾನಿಕ್ ಸೂಚನಾ ಹಲಗೆಗಳನ್ನು ನಡೆಸುವ ಯಂತ್ರ ಇದೊಂದೇ. ಬೆಳಿಗ್ಗೆ ನನಗೆ, ಊಟದ ನಂತರ ಹೊಸಬ ಉಲಿಸೆಸ್‌ಗೆ. ಈ ದಿನಚರಿ ಮಾತ್ರ ಪರ್ಸಿನ ಪೆನ್‌ಡ್ರೈವಿನಲ್ಲಿ. ತೆರೆದಾಗ ಸಾಲಿನ ಕಟ್ಟಕಡೆಯ ಟ್ಯಾಬ್. ಹೆಸರು “ಹಳೇ ವೇಳಾಪಟ್ಟಿ”. ಯಾರು ನೋಡುತ್ತಾರೆ?

ಅದೇ ದಿನ, ಸಂಜೆ — ಮನೆಯಲ್ಲಿ

ಮಧ್ಯಾಹ್ನ ಅವನು ಕಚೇರಿಗೆ ಬಂದಾಗ ಕೇಳಿದೆ: “ನನ್ನ ಟ್ಯಾಬ್ ಎಲ್ಲಾ ಯಾಕಪ್ಪಾ ಮುಚ್ಚಿದೆ?”

“ಅದೇನು ಎಡಿಟರಾ, ಸಂತೇನಾ ದೋನ್ಯಾ? ಕಾಲಿಡೋಕೆ ಜಾಗ ಇರ್ಲಿಲ್ಲ.”

ದೋನ್ಯಾ ಅಂತೆ! ಹಲ್ಲು ಬಿದ್ದ ಮುದುಕಿಯರನ್ನು ಕರೆಯುವ ಹಾಗೆ. ನನಗಿನ್ನೂ ಐವತ್ತೆರಡು. ಮೈ ಉರಿದುಹೋಯಿತು.

ಕಚೇರಿಯಲ್ಲಿ ಮಾಟೆ ಎಲೆಯ ಬಿಸಿ ಕಷಾಯ ಹಂಚುವವಳು ನಾನು. ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ, ಎಲ್ಲರಿಗೂ ಸರದಿ. ಅವನ ಸರದಿ ಬಂದಾಗ ಕೈ ಚಾಚಿದ. ದಾಟಿಸಿ ಝುಲ್ಮಾಗೆ ಕೊಟ್ಟೆ. ಎಲ್ಲರೂ ನೋಡಿದರು. ನೋಡಲಿ.

ಮೇ 9

ಝುಲ್ಮಾ ನಮ್ಮ ಮುಖ್ಯಸ್ಥೆ, ಇಪ್ಪತ್ತು ವರ್ಷದ ಗೆಳತಿ. ಬಾಗಿಲು ಮುಚ್ಚಿ ಹೇಳಿದಳು. ಮೂವತ್ತೊಂದಕ್ಕೆ ಉಲಿಸೆಸ್‌ನ ಪರೀಕ್ಷಾ ಅವಧಿ ಮುಗಿಯುತ್ತದೆ, ಖಾಯಂ ಮಾಡುವುದಿಲ್ಲ.

“ಮಾರ್ಚಲ್ಲಿ ಮಾಡಿದ್ದು ಮರೆಯೋಕಾಗತ್ತೇನೇ? ಜನ ಸೂಟ್‌ಕೇಸ್ ಎಳ್ಕೊಂಡು ಇನ್ನೂರ ಹದಿನಾಲ್ಕನೇ ಪ್ಲಾಟ್‌ಫಾರ್ಮ್ ಹುಡುಕ್ತಿದ್ರು. ಇರೋದೇ ಮೂವತ್ತು!”

ತಲೆಯಾಡಿಸಿದೆ. ಅಷ್ಟೇ ಮಾಡಿದ್ದು.

ಮೇ 10

ನಿದ್ದೆ ಸರಿಯಾಗಲಿಲ್ಲ. ಇಲ್ಲಾದರೂ ಬರೆದಿಡುತ್ತೇನೆ.

ಮಾರ್ಚ್ 22. ಈಸ್ಟರ್ ಹೊತ್ತಿನ ಟೂರಿಸ್ಮೊ ವಾರದ ರಜೆಗೆ ಊರೇ ಟರ್ಮಿನಲ್ಲಿಗೆ ನುಗ್ಗಿತ್ತು. ಸಾಲ್ಟೋ ಊರಿನ ಬಸ್ಸನ್ನು 4ನೇ ಪ್ಲಾಟ್‌ಫಾರ್ಮಿನಿಂದ 14ಕ್ಕೆ ಹಾಕಬೇಕಿತ್ತು, ಒಂದೇ ಟ್ಯಾಬಿನಲ್ಲಿ. ಅವಸರದಲ್ಲಿ ಎಲ್ಲ ಕಡತಗಳಲ್ಲೂ ಬದಲಿಸುವ ಶಾರ್ಟ್‌ಕಟ್ ಒತ್ತಿದೆ. 4 ಇದ್ದಲ್ಲೆಲ್ಲ 14 ಆಯಿತು. 24 ಹೋಗಿ 214.

ಹಲಗೆಗಳ ಮೇಲೆ ಅದು ಬರುವಾಗ ಕುರ್ಚಿಯಲ್ಲಿ ಅವನಿದ್ದ. ನಮ್ಮಿಬ್ಬರಿಗೂ ಒಂದೇ ಲಾಗಿನ್. “ನಾನು ಮುಟ್ಟೇ ಇಲ್ಲ” ಎಂದ, ಯಾರೂ ನಂಬಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ... ನಾನೂ ಹೇಳಲಿಲ್ಲ.

ಮೇ 23

ಅವನ ಬ್ರೌಸರಿನಲ್ಲಿ ಕೆಲಸದ ಜಾಹೀರಾತುಗಳು. ಮುಚ್ಚಲು ಮರೆತಿದ್ದ. ನಾನೂ ಮುಚ್ಚಲಿಲ್ಲ.

ಅಸಹ್ಯವೆಂದರೆ, ಅವನ ಕಂಟ್ರೋಲ್-ಟ್ಯಾಬ್ ನನಗೆ ಒಗ್ಗಿಹೋಗಿದೆ. ಪಕ್ಕದಿಂದ ಪಕ್ಕಕ್ಕೆ, ನೋಡದೆಯೇ ಒತ್ತುತ್ತೇನೆ. ಬೆರಳುಗಳಿಗೆ ಮಾನ ಮರ್ಯಾದೆ ಇಲ್ಲ.

ಮೇ 30, ಗುರುವಾರ. ಬೆಳಿಗ್ಗೆ 9:50

ಅವನ ಶಾರ್ಟ್‌ಕಟ್‌ಗಳನ್ನೆಲ್ಲ ಅಳಿಸಿದೆ. ಎಡಿಟರ್ ಹೊಸದರಲ್ಲಿ ಹೇಗಿತ್ತೋ ಹಾಗೆ. ಎಂಥ ಖುಷಿ! ನಾಳೆ ಅವನೂ ಹೋಗುತ್ತಾನೆ, ಯಂತ್ರ ಪೂರ್ತಿ ನನ್ನದು. ಮಾರ್ಚಿನ ತಪ್ಪು ನನ್ನದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಾಳೆ ಕಳೆದರೆ ಗೊತ್ತಾಗುವುದೂ ಇಲ್ಲ. ಆ ಉಲಿಸೆಸ್ ಪೀಡೆ ತೊಲಗಲಿ.

ಹತ್ತಕ್ಕೆ ಟರ್ಮಿನಲ್ಲಿನ ಆಡಳಿತದವರು ಬರುತ್ತಾರೆ. ಸಭೆಗೆಂದು ಅವನೂ ಬೆಳಿಗ್ಗೆಯೇ ಬಂದಿದ್ದಾನೆ. ಚಳಿಗಾಲದ ವೇಳಾಪಟ್ಟಿ ತೋರಿಸಬೇಕು. ಪ್ರೊಜೆಕ್ಟರ್ ಹಚ್ಚುತ್ತಿದ್ದಾರೆ —

ಅದೇ ದಿನ. ಕಾಗದದ ಮೇಲೆ

ಬರೆದು ನೇರ ವೇಳಾಪಟ್ಟಿಯ ಟ್ಯಾಬಿಗೆ ಹೋದೆ. ಸಾಲ್ಟೋ ಮಾರ್ಗ ಮುಗಿಯಿತು. ಪಕ್ಕದ ಟ್ಯಾಬಿನಲ್ಲಿ ಮುಂದಿನದು. ಗೋಡೆ ನೋಡದೆ ಕಂಟ್ರೋಲ್-ಟ್ಯಾಬ್ ಒತ್ತಿದೆ. ಬೆರಳು ಅವನು ಕಲಿಸಿದ್ದನ್ನು ಒತ್ತಿತು. ಯಂತ್ರಕ್ಕೆ ಹಳೆಯದನ್ನು ತಿರುಗಿ ಕಲಿಸಿದವಳು ನಾನೇ. ಕೊನೆಯದಾಗಿ ನೋಡಿದ ಕಡತ — ಈ ದಿನಚರಿ.

ಮಾತಾಡುತ್ತಲೇ ಇದ್ದೆ. ಯಾರೂ ನನ್ನತ್ತ ನೋಡುತ್ತಿಲ್ಲವೆಂದು ಗೊತ್ತಾದಾಗ ತಿರುಗಿದೆ. ಗೋಡೆಯ ತುಂಬ ನಾನು ಬರೆದದ್ದೇ. ಎಲ್ಲರೂ ಪೀಡೆಯವರೆಗೆ ಓದಿ ಮುಗಿಸಿದ್ದರು.

ಉಲಿಸೆಸ್ ಮಾತ್ರ ಬಾಯಿಬಿಟ್ಟ. ದನಿ ಏರಿಸಲಿಲ್ಲ.

“ಅದು ಪಕ್ಕದ ಟ್ಯಾಬಿಗೆ ಹೋಗ್ಬೇಕಿತ್ತು ದೋನ್ಯಾ. ನಾನು ಹಾಗೇ ಇಟ್ಟಿದ್ನಲ್ಲ.”

ಕೊಲ್ಲಬೇಕೆನಿಸಿತು. ಅವನನ್ನೋ ನನ್ನನ್ನೋ ತಿಳಿಯಲಿಲ್ಲ.

ಮೇ 31

ಅವನು ಖಾಯಂ ಆದ. ಮಾಟೆ ಹಂಚುವವನೂ ಈಗ ಅವನೇ, ಬಿಸಿನೀರಿನ ಫ್ಲಾಸ್ಕ್ ಅವನ ಕಂಕುಳಲ್ಲಿ. ಬುರುಡೆ ಒಬ್ಬೊಬ್ಬರ ಕೈ ದಾಟಿ ನನ್ನ ಹತ್ತಿರ ಬಂತು. ಕೈ ಚಾಚಿದೆ. ನನ್ನನ್ನು ದಾಟಿ ಮುಂದಿನವರಿಗೆ ಹೋಯಿತು. ಚಾಚಿದ ಕೈಯಿಂದ ಪೆನ್ನು ಎತ್ತಿಕೊಂಡೆ.

ಝುಲ್ಮಾ ಬಾಗಿಲಲ್ಲೇ ನಿಂತು ಹೇಳಿದಳು:

“ಟರ್ಮಿನಲ್ಲಿನವರಿಗೆ ಪತ್ರ ಹೋಗ್ಬೇಕು. ನೀವೇ ಬರೀರಿ, ನೆಲಿದಾ. ಯಾರು ಮಾಡಿದ್ದು ಅಂತ ಹೆಸರು ಹಾಕಿ.”

ನನಗೆ ಅವಳು ‘ನೀವು’ ಅಂದದ್ದು ಇದೇ ಮೊದಲು.

ನಾಲ್ಕು ಹಾಳೆ ಹರಿದೆ. ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ನಕಲು ಮಾಡುವುದು.

ಮಾನ್ಯರೇ, ಮಾರ್ಚ್ 22ರ ತಪ್ಪು ಉಲಿಸೆಸ್ ಅವರದಲ್ಲ. ಅದನ್ನು ಮಾಡಿದವಳು